ಗುಳಿಗೆ ಫ್ರೀ, ಬಸ್ಸೂ ಫ್ರೀ. ಗುಳೆ ಹೋದವರ ಗತಿ?

"ಗುಳಿಗಿ ಪುಕ್ಕಟ ಅದ, ಹೆಣ್ಮಕ್ಕಳಿಗೆ ಬಸ್ಸೂ ಪುಕ್ಕಟ ಅದ. ಮತ್ತ್ಯಾಕ ಅರ್ಧಕ್ಕ ಬಿಡ್ತಾರ ಇವರು?" ಎಚ್‌ಐವಿ, ಹೆಪಟೈಟಿಸ್ ಬಿ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ತಪ್ಪೆಲ್ಲ ರೋಗಿಯದೇ ಅನ್ನುವ ಹಾಗೆ.

ಮಾನ್ವಿ ಕಡೆಯ ಒಬ್ಬ ಹೆಪಟೈಟಿಸ್ ಬಿ ರೋಗಿ. ಹೆಸರು, ಊರು ಬರೆಯಲ್ಲ. ಒಂದು ತಿಂಗಳ ಗುಳಿಗೆ ಕಟ್ಟಿಕೊಂಡು ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಗುಳೆ ಹೋದ. ಮುಗಿದಾಗ ತರೋಕೆ ಊರಿಗೆ ಬಂದರೆ ಮೇಸ್ತ್ರಿ ಬೇರೆಯವರನ್ನ ಹಚ್ಚಿಕೊಳ್ತಾನೆ. "ಆರಾಮ ಇದ್ನೆಲ್ರೀ, ಬಿಟ್ಟೆ" ಅಂದ. ಕೆಲವು ತಿಂಗಳಿಗೆ ಕಣ್ಣು ಹಳದಿ ಆಯ್ತು. ಮನೆಯವರು ಕಾಮಣಿ ಅಂತ ನಾಟಿ ಔಷಧ ಕೊಡಿಸಿದರು. ರಾಯಚೂರಿಗೆ ಬರುವಷ್ಟರಲ್ಲಿ ಹೊಟ್ಟೆಯಲ್ಲಿ ನೀರು ತುಂಬಿತ್ತು.

ಅವನು ಬಿಟ್ಟ ಗುಳಿಗೆ ಟೆನೊಫೊವಿರ್. 300 ಮಿಲಿಗ್ರಾಂ, ದಿನಕ್ಕೆ ಒಂದು. ಎಚ್‌ಐವಿಗೂ ಇದೇ, ಲಿವರ್ ತಿನ್ನುವ ಹೆಪಟೈಟಿಸ್ ಬಿಗೂ ಇದೇ. ಎಚ್‌ಐವಿಗೆ ಇದರ ಜೊತೆ ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿಸಿ ಒಂದೇ ಗುಳಿಗೆ ಮಾಡಿ ಕೊಡ್ತಾರೆ. ಇದು ವೈರಸ್ಸನ್ನು ಮೈಯಿಂದ ಓಡಿಸಲ್ಲ, ಬೆಳೆಯದಂತೆ ಕಟ್ಟಿಹಾಕುತ್ತದೆ. ಹಗ್ಗ ಬಿಚ್ಚಿದರೆ ಮತ್ತೆ ಎದ್ದು ನಿಲ್ಲುತ್ತದೆ. ಎಚ್‌ಐವಿ ಇದ್ದವರು ಬಿಟ್ಟು ಬಿಟ್ಟು ನುಂಗಿದರೆ ವೈರಸ್ಸು ಔಷಧಕ್ಕೆ ಬಗ್ಗದಂತಾಗಬಹುದು. ಹೆಪಟೈಟಿಸ್ ಬಿ ಇದ್ದವರು ದಿಢೀರ್ ನಿಲ್ಲಿಸಿದರೆ ಲಿವರ್ ಊದಿ ಜೀವಕ್ಕೇ ಬರಬಹುದು. ಎರಡೂ ಇದ್ದವರಿಗೆ ಎರಡೂ ಅಪಾಯ.

ಒಂದು ದಿನವೂ ತಪ್ಪಬಾರದ ಔಷಧವನ್ನು, ವರ್ಷದಲ್ಲಿ ಅರ್ಧ ಕಾಲ ಊರಲ್ಲೇ ಇರದ ಜನರಿಗೆ ತಿಂಗಳ ಲೆಕ್ಕದಲ್ಲಿ ಕೊಟ್ಟರೆ ಏನಾಗಬೇಕೋ ಅದೇ ಆಗುತ್ತಿದೆ. ದೇವದುರ್ಗ, ಮಾನ್ವಿಯ ಕೂಲಿಕಾರರು ಬೆಂಗಳೂರು, ಪುಣೆ, ಹೈದರಾಬಾದ್ ಅಂತ ಹೋಗೋದು ಹೊಸ ಸುದ್ದಿಯೇ? ಊರಲ್ಲಿ ಉಳಿದವರ ಕಥೆಯೂ ಸುಲಭದ್ದಲ್ಲ. ಹತ್ತಿ ಬಿಡಿಸುವ ಹಂಗಾಮಿನಲ್ಲಿ ಆಸ್ಪತ್ರೆ ಪಾಳಿಗೆ ನಿಂತರೆ ಆ ದಿನದ ಕೂಲಿ ಹೋಯ್ತು. ಶಕ್ತಿ ಯೋಜನೆ ಟಿಕೆಟ್ ಕೊಡುತ್ತದೆ, ಕೂಲಿ ಕೊಡಲ್ಲ. ಪರಿಚಯದವರು ನೋಡ್ಯಾರು ಅಂತ ತಾಲೂಕಿನ ಆಸ್ಪತ್ರೆ ಬಿಟ್ಟು ದೂರದ ರಾಯಚೂರಿಗೇ ಬರುವವರೂ ಇದ್ದಾರೆ.

"ಒಮ್ಮೆಗೇ ಮೂರು ತಿಂಗಳದ್ದು ಕೊಡೋಕೆ ಆಗಲ್ಲ" ಅನ್ನುವವರಿಗೆ ಒಂದು ನೆನಪು. 2020ರ ಲಾಕ್‌ಡೌನ್‌ನಲ್ಲಿ ಎಚ್‌ಐವಿ ಗುಳಿಗೆಯನ್ನು ಮೂರು ತಿಂಗಳಿಗೆ ಆಗುವಷ್ಟು ಕೊಡಲು ದೇಶದಲ್ಲೇ ಏರ್ಪಾಡು ಆಯ್ತು. ಕೊರೊನಾಕ್ಕೆ ಸಾಧ್ಯವಾದದ್ದು ಬಡತನಕ್ಕೆ ಯಾಕೆ ಸಾಧ್ಯವಿಲ್ಲ? ಲಾಕ್‌ಡೌನ್ ಒಮ್ಮೆ ಬಂತು, ಗುಳೆ ಪ್ರತಿ ವರ್ಷ ಬರುತ್ತದೆ.

ಈ ಗುಳಿಗೆ ಯಾರೂ ದಾನ ಕೊಟ್ಟದ್ದಲ್ಲ. ಎಚ್‌ಐವಿಯೊಂದಿಗೆ ಬದುಕುತ್ತಿರುವವರೇ ಪೇಟೆಂಟ್ ಅರ್ಜಿಗೆ ಅಡ್ಡ ನಿಂತರು. 2009ರಲ್ಲಿ ಭಾರತದ ಪೇಟೆಂಟ್ ಕಚೇರಿ ಗಿಲೀಡ್ ಕಂಪನಿಯ ಟೆನೊಫೊವಿರ್ ಅರ್ಜಿ ತಿರಸ್ಕರಿಸಿತು. ನಮ್ಮ ಕಂಪನಿಗಳು ಅಗ್ಗಕ್ಕೆ ತಯಾರಿಸಲು ದಾರಿ ಉಳಿದದ್ದು ಹಾಗೆ. 2022ರಲ್ಲಿ ಗುಳಿಗೆ ಕೊರತೆಯಾದಾಗ ದೆಹಲಿಯಲ್ಲಿ ಧರಣಿ ಕೂತವರೂ ಅವರೇ. ಹೆಪಟೈಟಿಸ್ ಬಿ ರೋಗಿಗಳ ಪರ ಹಾಗೆ ಕೂಗುವವರು ಕಡಿಮೆ. ಡಬ್ಲ್ಯುಎಚ್ಒ ಅಂದಾಜಿನಂತೆ 2022ರಲ್ಲಿ ದೇಶದಲ್ಲಿ ಅವರು 2 ಕೋಟಿ 98 ಲಕ್ಷ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ತಪಾಸಣೆ, ಔಷಧ ಉಚಿತ. ನಮ್ಮ ಹಳ್ಳಿಗಳಲ್ಲಿ ಎಷ್ಟು ಜನರಿಗೆ ಇದು ಗೊತ್ತು?

ಜಿಲ್ಲಾಡಳಿತಕ್ಕೆ ಕೇಳುವುದು ಇಷ್ಟೇ. ಗುಳೆ ಹೊರಡುವ ಮುಂಚೆ, ಸ್ಥಿರವಾಗಿರುವ ರೋಗಿಗೆ ಮೂರು ತಿಂಗಳ ಗುಳಿಗೆ ಕೊಡಿ. ಹೆಪಟೈಟಿಸ್ ಬಿ ಗುಳಿಗೆ ದೇವದುರ್ಗ, ಮಾನ್ವಿ ತಾಲೂಕು ಆಸ್ಪತ್ರೆಗಳಲ್ಲೇ ತಪ್ಪದೆ ಸಿಗಲಿ. ಹೋದ ಊರಿನಲ್ಲಿ ಎಲ್ಲಿ ಸಿಗುತ್ತದೆ ಅಂತ ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಕೊಡಿ.

ಓದುವ ನಿಮಗೂ ಒಂದು ಮಾತು. ಆರಾಮ ಅನಿಸಿತು ಅಂತ ಡಾಕ್ಟರನ್ನು ಕೇಳದೆ ಈ ಗುಳಿಗೆ ನಿಲ್ಲಿಸಬೇಡಿ. ಕಣ್ಣು ಹಳದಿಯಾದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಎಚ್‌ಐವಿ ಬಗ್ಗೆ ಏನೇ ಕೇಳಬೇಕಿದ್ದರೂ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳಲ್ಲ. ಪಕ್ಕದ ಮನೆಯವರ ಗುಳಿಗೆ ಡಬ್ಬಿ ಕಣ್ಣಿಗೆ ಬಿದ್ದರೆ ಊರೆಲ್ಲ ಸಾರಬೇಡಿ. ಆ ಬಾಯಿಗೆ ಹೆದರಿಯೇ ಎಷ್ಟೋ ಜನ ಡಬ್ಬಿ ಮುಚ್ಚಿಟ್ಟಿದ್ದಾರೆ.