‘ಆಟಿಸಂ 90 ದಿನದಲ್ಲಿ ಗುಣ’ ಅನ್ನೋರಿಗೆ ನನ್ನ ಕೆಲವು ಪ್ರಶ್ನೆಗಳು

ಸ್ವಲ್ಪ ಉದ್ದದ ಪೋಸ್ಟ್. ಮಾತು ತಡವಾದ ಮಕ್ಕಳಿರೋ ಮನೆಯವರು ದಯವಿಟ್ಟು ಪೂರ್ತಿ ಓದಿ.

ಹೋದ ವಾರ ನಮ್ಮ ಸಂಘಟನೆಯ ವಾಟ್ಸಾಪ್ ಗ್ರೂಪಿಗೆ ಹಿರಿಯರೊಬ್ಬರು ಒಂದು ಪೋಸ್ಟರ್ ಹಾಕಿದ್ರು. ‘ಆಟಿಸಂ 90 ದಿನಗಳಲ್ಲಿ ಸಂಪೂರ್ಣ ಗುಣ, ಸೈಡ್ ಎಫೆಕ್ಟ್ ಇಲ್ಲ.’ ಕೆಳಗೆ ಒಂದು ಫೋನ್ ನಂಬರ್. ‘ಇದಕ್ಕೆ ಆಧಾರ ಏನು ಸರ್?’ ಅಂತ ಕೇಳಿದೆ. ‘ಇದು ನಮ್ಮ ನೆಲದ ವೈದ್ಯ. ಎಲ್ಲದಕ್ಕೂ ಇಂಗ್ಲಿಷ್ ಔಷಧಿನೇ ಬೇಕಾ?’ ಅಂತ ಉತ್ತರ ಬಂತು. ಹತ್ತಾರು ಜನ ಹೆಬ್ಬೆರಳು ಒತ್ತಿದ್ರು. ಗ್ರೂಪಲ್ಲಿ ಜಗಳ ಬೇಡ ಅಂತ ಸುಮ್ಮನಾದೆ. ರಾತ್ರಿ ನಿದ್ದೆ ಬರಲಿಲ್ಲ. ಯಾಕಂದ್ರೆ ಇಂಥದ್ದೇ ಒಂದು ಪೋಸ್ಟರ್ ನಂಬಿ ನನ್ನ ತಂಗಿ ಎರಡು ವರ್ಷ ಕಳಕೊಂಡಿದ್ದಾಳೆ.

ತಂಗಿಯ ಮಗ ಮೂರು ವರ್ಷ ತುಂಬಿದ್ರೂ ಮಾತಾಡ್ತಿರಲಿಲ್ಲ. ಹೆಸರು ಹಿಡಿದು ಕರೆದ್ರೆ ತಿರುಗ್ತಿರಲಿಲ್ಲ. ಬಾಟಲಿ ಮುಚ್ಚಳಗಳನ್ನ ಸಾಲಾಗಿ ಜೋಡಿಸ್ತಾ ಗಂಟೆಗಟ್ಟಲೆ ಕೂರ್ತಿದ್ದ. ಮಿಕ್ಸಿ ಸದ್ದಾದ್ರೆ ಕಿವಿ ಮುಚ್ಕೊಂಡು ಚೀರೋನು. ಸರ್ಕಾರಿ ಆಸ್ಪತ್ರೆಯಲ್ಲಿ ನೋಡಿ ಆಟಿಸಂ ಅಂದ್ರು, ಸ್ಪೀಚ್ ಥೆರಪಿಗೆ ವಾರಕ್ಕೆರಡು ಸಲ ಬನ್ನಿ ಅಂದ್ರು. ಹೋಗಿ ಬರೋಕೆ ಎರಡು ಬಸ್ಸು ಬದಲಾಯಿಸಬೇಕು. ಹೋದ ದಿನ ಕೂಲಿ ಇಲ್ಲ. ನಾಲ್ಕು ತಿಂಗಳಲ್ಲಿ ಸೋತು ಹೋದಳು. ಆಗ ಯಾರೋ ಒಂದು ‘ಪಾರಂಪರಿಕ ಚಿಕಿತ್ಸಾಲಯ’ದ ಪೋಸ್ಟರ್ ಕೊಟ್ರು.

ಅಲ್ಲಿ ಮೊದಲ ಪ್ರಶ್ನೆ ಮಗುವಿನ ಬಗ್ಗೆ ಅಲ್ಲ. ‘ಮನೇಲಿ ಮಾಂಸ ತಿಂತೀರಾ?’ ಯಾವ ಮಾಂಸ ಅಂತಲೂ ಕೇಳಿದ್ರಂತೆ. ತಂಗಿ ತಲೆ ತಗ್ಗಿಸಿದ್ದಾಳೆ. ‘ಅದಕ್ಕೇ ರಕ್ತ ಕೆಟ್ಟಿದೆ. ಜೊತೆಗೆ ಪೂರ್ವಜನ್ಮದ ಕರ್ಮವೂ ಇರುತ್ತೆ’ ಅಂದ್ರಂತೆ. ಬಾಡು ಬಂದ್, ಮೊಟ್ಟೆ ಬಂದ್, ಹಾಲು ಬಂದ್. ಮೊದಲೇ ನಾಲ್ಕೈದು ಪದಾರ್ಥ ಬಿಟ್ಟು ಬೇರೇನೂ ಮುಟ್ಟದ ಹುಡುಗ ಒಣಗಿ ಹೋದ. ತಿಂಗಳಿಗೆ 4,500 ರೂಪಾಯಿ ಚೂರ್ಣ. ಓಲೆ ಅಡವಿಟ್ಟಳು, ಆಮೇಲೆ ಮಹಿಳಾ ಸಂಘದಲ್ಲಿ ಸಾಲ ತೆಗೆದಳು. ‘90 ದಿನ ಆಯ್ತಲ್ಲ ಸ್ವಾಮಿ’ ಅಂದ್ರೆ ‘ನೀವು ಪಥ್ಯ ಸರಿಯಾಗಿ ಮಾಡಿಲ್ಲ’ ಅನ್ನೋರು.

ನನಗೆ ಗೊತ್ತಾಗಿದ್ದು ತಡವಾಗಿ. ನಾನು ಕಚೇರಿಯಲ್ಲಿ ಗುಮಾಸ್ತ, ಕಾಗದ ನೋಡೋದೇ ನನ್ನ ಕೆಲಸ. ಆ ಪೊಟ್ಟಣ ತಿರುಗಿಸಿ ನೋಡಿದೆ. ತಯಾರಕರ ಹೆಸರಿಲ್ಲ, ಲೈಸೆನ್ಸ್ ನಂಬರ್ ಇಲ್ಲ, ಬ್ಯಾಚ್ ನಂಬರ್ ಇಲ್ಲ, ಏನೇನು ಹಾಕಿದ್ದಾರೆ ಅಂತಿಲ್ಲ. ಮಾರಾಟಕ್ಕಿಡೋ ಆಯುರ್ವೇದ ಔಷಧಿಗೂ ಇವೆಲ್ಲ ಕಾನೂನು ಪ್ರಕಾರ ಕಡ್ಡಾಯ. ಎರಡು ವರ್ಷದ ದುಡ್ಡಿಗೆ ಒಂದು ರಸೀದಿ ಕೂಡ ಕೊಟ್ಟಿರಲಿಲ್ಲ.

ಈಗ ವಿಷಯಕ್ಕೆ ಬರ್ತೀನಿ. ಆಟಿಸಂ ಜ್ವರದ ಥರ ಬಂದು ಹೋಗೋ ರೋಗ ಅಲ್ಲ. ಮಿದುಳು ಬೆಳೆಯೋ ರೀತಿಯಲ್ಲೇ ಇರೋ ಭಿನ್ನತೆ. ಅದನ್ನ ‘ಗುಣ’ ಮಾಡೋ ಔಷಧಿ ಅಲೋಪತಿಯಲ್ಲೂ ಇಲ್ಲ, ಆಯುರ್ವೇದದಲ್ಲೂ ಇಲ್ಲ, ಹೋಮಿಯೋಪತಿಯಲ್ಲೂ ಇಲ್ಲ. ಮಾತು, ಸನ್ನೆ, ದಿನದ ಕೆಲಸಗಳನ್ನ ಕಲಿಸೋ ತರಬೇತಿಯಿಂದ ಮಗುವಿನ ಬದುಕು ಸುಲಭ ಆಗುತ್ತೆ. ಅದು ನಿಧಾನದ ಕೆಲಸ. ಅದಕ್ಕೇ ಅದರ ಪೋಸ್ಟರ್ ಯಾರೂ ಹಾಕಲ್ಲ.

‘ನಮ್ಮ ಪಕ್ಕದ ಮನೆ ಮಗುಗೆ ವಾಸಿಯಾಯ್ತಲ್ಲ’ ಅಂತ ಕೇಳ್ತೀರಿ. ಒಂದು ಉದಾಹರಣೆ ಹೇಳ್ತೀನಿ. 1998ರ ಸುಮಾರಿಗೆ ಅಮೆರಿಕದಲ್ಲಿ ಸೆಕ್ರೆಟಿನ್ ಅನ್ನೋ ಇಂಜೆಕ್ಷನ್ ಕೊಟ್ರೆ ಆಟಿಸಂ ಮಕ್ಕಳು ಮಾತಾಡ್ತಾರೆ ಅಂತ ದೊಡ್ಡ ಸುದ್ದಿಯಾಯ್ತು. ತಂದೆತಾಯಂದಿರು ಮುಗಿಬಿದ್ರು. 1999ರಲ್ಲಿ ಸುಮಾರು 60 ಮಕ್ಕಳ ಮೇಲೆ ಪರೀಕ್ಷೆ ಮಾಡಿದ್ರು. ಅರ್ಧ ಮಕ್ಕಳಿಗೆ ಸೆಕ್ರೆಟಿನ್, ಇನ್ನರ್ಧಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಅಂತ ಮನೆಯವರಿಗೆ ಗೊತ್ತಿಲ್ಲ. ಎರಡೂ ಗುಂಪಲ್ಲಿ ಕೆಲವು ಮಕ್ಕಳು ಸುಧಾರಿಸಿದಂತೆ ಕಂಡ್ರು! ಉಪ್ಪುನೀರಿಗಿಂತ ಔಷಧಿ ಹೆಚ್ಚೇನೂ ಮಾಡಿರಲಿಲ್ಲ. ಮಕ್ಕಳು ಬೆಳೀತಾರೆ, ಕಲೀತಾರೆ, ಆಟಿಸಂ ಇದ್ರೂ ಬೆಳೀತಾರೆ. ಆ ಬೆಳವಣಿಗೆಯ ಹೆಸರನ್ನ ಚೂರ್ಣ ಹೊಡ್ಕೊಳ್ಳುತ್ತೆ.

‘ಗಿಡಮೂಲಿಕೆ ತಾನೇ, ಒಳ್ಳೇದಾಗದಿದ್ರೂ ಕೆಟ್ಟದ್ದಾಗಲ್ಲ’ ಅನ್ನೋದು ಇನ್ನೊಂದು ಮಾತು. 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಮುತ್ತ ಅಂಗಡಿಗಳಲ್ಲಿ ಮಾರ್ತಿದ್ದ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಉತ್ಪನ್ನಗಳನ್ನ ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಸೀಸ ಮಕ್ಕಳ ಮಿದುಳನ್ನೇ ಹಾಳು ಮಾಡೋ ವಿಷ. ಮಿದುಳಿಗೆ ಔಷಧಿ ಅಂತ ಮಿದುಳಿಗೇ ವಿಷ ಕೊಟ್ಟಂಗಾಗಲ್ವಾ? 2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಆಟಿಸಂ ಇದ್ದ ಐದು ವರ್ಷದ ಹುಡುಗನಿಗೆ ‘ದೇಹದಿಂದ ಲೋಹ ತೆಗೀತೀವಿ’ ಅಂತ ಕೀಲೇಶನ್ ಮಾಡಿದ್ರು. ಮಗು ತೀರಿಕೊಂಡಿತು.

ಆಯುರ್ವೇದದವರನ್ನ ಮಾತ್ರ ಬೈತೀಯ ಅನ್ನಬೇಡಿ. ಕೋಟು ಹಾಕ್ಕೊಂಡು ಸ್ಟೆಮ್ ಸೆಲ್ ಹೆಸರಲ್ಲಿ ಲಕ್ಷಗಟ್ಟಲೆ ಕೀಳೋ ಆಧುನಿಕ ಕ್ಲಿನಿಕ್‌ಗಳೂ ಇವೆ. ಆಟಿಸಂಗೆ ಅದನ್ನ ಶಿಫಾರಸು ಮಾಡಲ್ಲ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ.

ನಮ್ಮ ಹಿರಿಯರಿಗೆ ಗೌರವದಿಂದಲೇ ಒಂದು ಮಾತು. ನನ್ನ ಅಜ್ಜಿ ಸೂಲಗಿತ್ತಿ. ಕೇರಿಯ ಎಷ್ಟೋ ಮಕ್ಕಳು ಅವಳ ಕೈಯಲ್ಲೇ ಹುಟ್ಟಿದ್ದು. ನಮ್ಮ ಜನರ ತಿಳುವಳಿಕೆ ನನಗೆ ಹಗುರ ಅಲ್ಲ. ಆದ್ರೆ ಅಜ್ಜಿ ತನ್ನ ಕೈಲಾಗದ್ದನ್ನ ಕೈಲಾಗಲ್ಲ ಅಂತಿದ್ದಳು, ಹೆರಿಗೆ ಕಷ್ಟ ಆದ್ರೆ ಗಾಡಿ ಕಟ್ಟಿ ಆಸ್ಪತ್ರೆಗೆ ಕಳಿಸ್ತಿದ್ದಳು. ತಿಂಗಳಿಗೆ 4,500 ತಗೊಂಡು, ವಾಸಿಯಾಗದಿದ್ರೆ ತಾಯಿಯನ್ನೇ ದೂರೋದು ಅಜ್ಜಿಯ ವಿದ್ಯೆ ಅಲ್ಲ.

ನನಗೆ ಹೆಚ್ಚು ಚುಚ್ಚಿದ್ದು ಆ ಕರ್ಮದ ಮಾತು. ನೀನು ಹುಟ್ಟಿದ್ದೇ ಪಾಪದಿಂದ, ನಿನ್ನ ಊಟ ಮೈಲಿಗೆ, ನಿನ್ನ ರಕ್ತ ಕೆಟ್ಟದ್ದು, ನಾವು ಶುದ್ಧ ಮಾಡ್ತೀವಿ. ಈ ಭಾಷೆ ನಮಗೆ ಹೊಸದಾ? ತಲೆಮಾರುಗಳಿಂದ ನಮ್ಮ ಬೆನ್ನ ಮೇಲೆ ಇದನ್ನೇ ಬರೆದ್ರಲ್ಲ. ಬಾಬಾಸಾಹೇಬರು 1956ರಲ್ಲಿ ನಾಗಪುರದಲ್ಲಿ ನಮ್ಮನ್ನ ಇದರಿಂದಾಚೆ ಕರ್ಕೊಂಡು ಬಂದ್ರು. ಜಾತಿಯ ವಿಷಯದಲ್ಲಿ ಕರ್ಮ ಸುಳ್ಳು ಅಂತ ಭಾಷಣ ಮಾಡೋ ನಾವು, ಮಗುವಿನ ವಿಷಯ ಬಂದಾಗ ಅದೇ ಕರ್ಮದ ಅಂಗಡಿಯ ಪೋಸ್ಟರ್ ಫಾರ್ವರ್ಡ್ ಮಾಡ್ತೀವಲ್ಲ, ಇದು ಸರಿನಾ?

ಬಡ ತಾಯಿ ಆ ಅಂಗಡಿಗೆ ಯಾಕೆ ಹೋಗ್ತಾಳೆ? ಥೆರಪಿ ದೂರ ಇದೆ, ಪೋಸ್ಟರ್ ಹತ್ತಿರ ಇದೆ. ಅದಕ್ಕೇ ಕೆಲವು ಮಾಹಿತಿ ಬರೀತೀನಿ, ಶೇರ್ ಮಾಡೋದಿದ್ರೆ ಇದನ್ನ ಮಾಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಆಟಿಸಂ ಇದೆ. ವೈಕಲ್ಯ ಶೇ. 40 ಅಥವಾ ಹೆಚ್ಚು ಅಂತ ಪ್ರಮಾಣಪತ್ರ ಇದ್ರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು. ಯುಡಿಐಡಿ ಕಾರ್ಡ್ ಮಾಡಿಸಿ. ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಸಿಗುತ್ತೆ, ಥೆರಪಿ ಖರ್ಚೂ ಸೇರುತ್ತೆ. ಚಿಕ್ಕ ಮಕ್ಕಳನ್ನ ಜಿಲ್ಲಾ ಆಸ್ಪತ್ರೆಯ ಡಿಇಐಸಿ ಕೇಂದ್ರಕ್ಕೆ ತೋರಿಸಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವೆ. ಪಂಚಾಯ್ತಿಯಲ್ಲಿ ವಿಆರ್‌ಡಬ್ಲ್ಯೂ ಯಾರು ಅಂತ ಕೇಳಿ, ಅರ್ಜಿ ತುಂಬೋಕೆ ಅವರು ನೆರವಾಗಬೇಕು. ಔಷಧಿ ಬಗ್ಗೆ ಸುಳ್ಳು ಜಾಹೀರಾತು ಕೊಡೋದು 1954ರ ಕಾಯ್ದೆ ಪ್ರಕಾರ ಅಪರಾಧ, ದೂರು ಕೊಡಿ. ಅರ್ಜಿ ಬರೆಯೋಕೆ ಬರದಿದ್ರೆ ನನಗೆ ಮೆಸೇಜ್ ಮಾಡಿ, ನಾನು ಬರ್ಕೊಡ್ತೀನಿ.

ಏಪ್ರಿಲ್ 2 ವಿಶ್ವ ಆಟಿಸಂ ದಿನ. ಹನ್ನೆರಡು ದಿನಕ್ಕೆ ನಮ್ಮ ಜಯಂತಿ. ಈ ಸಲ ಜಯಂತಿಯ ಹಕ್ಕೊತ್ತಾಯದಲ್ಲಿ ಒಂದು ಸಾಲು ಸೇರಿಸೋಣ: ಪ್ರತಿ ತಾಲ್ಲೂಕು ಆಸ್ಪತ್ರೆಗೆ ಒಬ್ಬ ಸ್ಪೀಚ್ ಥೆರಪಿಸ್ಟ್ ಬೇಕು.

ಅಳಿಯನಿಗೆ ಈಗ ಏಳು ವರ್ಷ. ಸರ್ಕಾರಿ ಶಾಲೆಗೆ ಹೋಗ್ತಾನೆ, ಮೊಟ್ಟೆ ತಿಂತಾನೆ, ಹತ್ತಿಪ್ಪತ್ತು ಪದ ಆಡ್ತಾನೆ. ಮಾತು ಬಂದಿದ್ದು ಚೂರ್ಣ ನಿಲ್ಲಿಸಿದ ಮೇಲೆ. ಅದನ್ನ ನಾನು ಪುರಾವೆ ಅನ್ನಲ್ಲ, ಪುರಾವೆ ಅಂದ್ರೆ ಏನು ಅಂತ ಮೇಲೆ ಬರೆದಿದ್ದೀನಿ. ಓಲೆ ಇನ್ನೂ ಅಡವಲ್ಲೇ ಇದೆ.

ಪೋಸ್ಟರ್ ಹಾಕಿದ ಹಿರಿಯರಲ್ಲಿ ಒಂದೇ ಮನವಿ. ಅದನ್ನ ಗ್ರೂಪಿಂದ ಡಿಲೀಟ್ ಮಾಡಿ ಸರ್. ಅದರಲ್ಲಿರೋ ನಂಬರಿಗೆ ನಮ್ಮ ಇನ್ನೊಬ್ಬ ತಂಗಿ ಫೋನ್ ಮಾಡೋ ಮೊದಲು.

ಜೈ ಭೀಮ್.