ಹೂಳಿನ ಊರು ಯಾವುದು?

ತುಂಗಭದ್ರಾ ಜಲಾಶಯದಲ್ಲಿ 1953ರಲ್ಲಿ ಸುಮಾರು 133 ಟಿಎಂಸಿ ನೀರಿಗೆ ಜಾಗ ಇತ್ತು. 2016ರ ಸರ್ವೆ ಪ್ರಕಾರ ಅದು 105.788 ಟಿಎಂಸಿ. ಮಿಕ್ಕ ಜಾಗ ಹೂಳಿನದು. ಈ ಮಣ್ಣು ಎಲ್ಲಿಂದ ಬಂತು ಅಂತ ಕೇಳಿದ್ರೆ ಎಲ್ಲರ ಹತ್ರಾನೂ ಉತ್ತರ ರೆಡಿ: ಕಾಡು ಕಡಿದ್ರು, ಗಣಿ ಅಗೆದ್ರು, ರೈತರು ಬೇಕಾಬಿಟ್ಟಿ ಉತ್ತರು. ನಮ್ಮ ಹಾಸ್ಟೆಲ್ ಮೆಸ್ಸಲ್ಲೂ ಒಂದಿನ ಇದೇ ಜಗಳ. ವರದಾ ನದಿ ದಡದ ಊರಿನ ಗೆಳೆಯ ಕೊನೆಗೆ ಕೇಳಿದ, "ನಮ್ಮಪ್ಪ ರಂಟಿ ಹೊಡೆದ ಹೊಲದ ಮಣ್ಣು ಅದ್ರಾಗ ಎಷ್ಟೈತಿ ಅಂತ ಯಾರಿಗರ ಗೊತ್ತೈತೇನ್ರೋ?"

ಎಲ್ಲರೂ ಗಪ್‌ಚುಪ್. ಆಮೇಲೆ ಹುಡುಕಿ ಓದಿದ್ವಿ.

ಇದನ್ನ ಪತ್ತೆ ಮಾಡೋಕೆ ಸೆಡಿಮೆಂಟ್ ಫಿಂಗರ್‌ಪ್ರಿಂಟಿಂಗ್ ಅನ್ನೋ ವಿಧಾನ ಇದೆ. 1950-60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಉದುರಿದ ಸೀಸಿಯಂ-137 ಮೇಲ್ಮಣ್ಣಿಗೆ ಅಂಟಿಕೊಂಡಿದೆ. ನದಿಯ ದಡ ಕುಸಿದು ಬರೋ ಒಳಮಣ್ಣಲ್ಲಿ ಅದು ತುಂಬಾ ಕಮ್ಮಿ. ಹಾಗಾಗಿ ಹೂಳಲ್ಲಿ ಅದೆಷ್ಟಿದೆ ಅಂತ ಅಳೆದ್ರೆ ಹೊಲದ ಪಾಲು ಎಷ್ಟು, ದಡದ ಪಾಲು ಎಷ್ಟು ಅಂತ ಲೆಕ್ಕ ಹಾಕಬಹುದು.

ಒಂದು ಊಹೆಯ ಉದಾಹರಣೆ ನೋಡಿ. ಹೊಲದಲ್ಲಿ ಈ ಗುರುತು ಸರಾಸರಿ 80, ದಡದಲ್ಲಿ 20, ಹೂಳಲ್ಲಿ 50 ಅಂತಿಟ್ಕೊಳ್ಳಿ. ಹೊಲದ ಪಾಲು 50%. ಸುಲಭ ಅಲ್ವಾ? ಆದ್ರೆ ಎಲ್ಲ ಹೊಲವೂ ಒಂದೇ ಥರ ಇರಲ್ಲ. ಹೊಲದ ಸ್ಯಾಂಪಲ್‌ಗಳು 60ರಿಂದ 100, ದಡದವು 10ರಿಂದ 30 ಇದ್ರೆ, ಯಾವುದನ್ನ ಹಿಡಿದು ಲೆಕ್ಕ ಹಾಕ್ತೀರಿ ಅನ್ನೋದರ ಮೇಲೆ ಅದೇ ಪಾಲು 29%ನೂ ಆಗಬಹುದು, 80%ನೂ ಆಗಬಹುದು!

ಇಷ್ಟಕ್ಕೇ ಮುಗೀಲಿಲ್ಲ. ಸೀಸಿಯಂ ಹೆಚ್ಚಾಗಿ ಅಂಟೋದು ಸಣ್ಣ ಕಣಗಳಿಗೆ, ನದಿ ದೂರ ಹೊತ್ತೊಯ್ಯೋದೂ ಅವನ್ನೇ. ಇದನ್ನ ಸರಿಪಡಿಸದಿದ್ರೆ ಹೊಲದ ಪಾಲು ಇರೋದಕ್ಕಿಂತ ಜಾಸ್ತಿ ಕಾಣುತ್ತೆ. ಇನ್ನು, ಒಂದು ಮೂಲದ ಸ್ಯಾಂಪಲ್ ತೆಗೆಯೋದೇ ಮರೆತ್ರೆ ಲೆಕ್ಕ ಅದರ ಪಾಲನ್ನೂ ಉಳಿದವಕ್ಕೆ ಹಂಚಿ, ಏನೂ ಆಗದ ಹಾಗೆ 100% ತೋರಿಸುತ್ತೆ.

ಹಾಗಂತ ಈ ವಿಧಾನವೇ ದಂಡ ಅಂತ ನಾವು ಹೇಳ್ತಿಲ್ಲ. ಹೆಚ್ಚು ಸ್ಯಾಂಪಲ್ ತೆಗೆದು, ಬೇರೆ ಬೇರೆ ಗುರುತುಗಳನ್ನೂ ಅಳೆದ್ರೆ ಆ ಅಂತರ ಕಿರಿದಾಗುತ್ತೆ. ನಮ್ಮ ತಕರಾರು ಇಷ್ಟೇ: ಅಂತರವನ್ನ ಮುಚ್ಚಿಟ್ಟು ಒಂದೇ ಅಂಕಿ ಹೇಳಬಾರದು. ನಾವೂ ಸಾಚಾಗಳೇನಲ್ಲ. ಲ್ಯಾಬ್ ರೆಕಾರ್ಡಲ್ಲಿ ಎರರ್ ಕಾಲಂನ ಸೀನಿಯರ್ಸ್ ರೆಕಾರ್ಡ್ ನೋಡಿ ತುಂಬಿಸೋರು ನಾವೇ. ಅಲ್ಲಿ ಹೋದ್ರೆ ಎರಡು ಮಾರ್ಕ್ಸ್ ಹೋಗುತ್ತೆ. ಆದ್ರೆ ಕುಸೀತಿರೋದು ದಡ ಆಗಿದ್ದು, ನಾವು ಹೊಲಕ್ಕೆ ಬದು ಹಾಕ್ತಾ ಕೂತ್ರೆ? ದುಡ್ಡೂ ಹೋಯ್ತು, ಹೂಳೂ ನಿಲ್ಲಲಿಲ್ಲ, ರೈತನಿಗೆ ಕೆಟ್ಟ ಹೆಸರು ಬೇರೆ.

ನಾಳೆ ಇಂಥ ವರದಿಗಳನ್ನ ಬರೆಯೋರು ನಾವೇ. ಅಲ್ಲೀವರೆಗೆ, ಯಾರಾದ್ರೂ "ಹೂಳಲ್ಲಿ ಇಷ್ಟು ಪರ್ಸೆಂಟ್ ರೈತರದ್ದು" ಅಂದ್ರೆ ಒಂದೇ ಪ್ರಶ್ನೆ ಕೇಳೋಣ: ಎಷ್ಟರಿಂದ ಎಷ್ಟರವರೆಗೆ?