ಬೇಟೆಯ ಹೋಲಿಕೆ ಸಲ್ಲದು

ಕ್ರೈಸ್ತ ಮತಪ್ರಚಾರವನ್ನು ಬೇಟೆಗೆ ಹೋಲಿಸುವವರುಂಟು. ಬೇಟೆಗಾರನ ತಾಳ್ಮೆಯೂ ಕಾಡಿನ ಪರಿಚಯವೂ ಪ್ರಚಾರಕನಿಗೆ ಬೇಕೆಂಬುದು ಅವರ ವಾದ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಬೇಟೆಗಾರನು ಮರೆಯಲ್ಲಿ ನಿಲ್ಲುತ್ತಾನೆ. ಒಲ್ಲೆನೆನ್ನುವ ಅಧಿಕಾರ ಮಿಗಕ್ಕಿಲ್ಲ.

ಬೈಬಲ್ಲನ್ನೇ ನೋಡಿರಿ. ಯೆರೆಮೀಯನ ಗ್ರಂಥದ 16ನೆಯ ಅಧ್ಯಾಯದಲ್ಲಿ ದೇವರು ಬೇಟೆಗಾರರನ್ನು ಕರೆಸುವುದು ದಂಡನೆಗಾಗಿ. 91ನೆಯ ಕೀರ್ತನೆಯಲ್ಲಿ ದೇವರು ಬೇಟೆಗಾರನ ಬಲೆಯಿಂದ ಬಿಡಿಸುವವನು. ಯೇಸು ಬೆಸ್ತರನ್ನು ಮನುಷ್ಯರನ್ನು ಹಿಡಿಯಲು ಕರೆದದ್ದು ನಿಜ. ಆದರೆ ಲೂಕನ 5ನೆಯ ಅಧ್ಯಾಯದಲ್ಲಿರುವ ಗ್ರೀಕ್ ಪದಕ್ಕೆ ಜೀವಸಹಿತ ಹಿಡಿಯುವುದೆಂದು ಅರ್ಥ.

ನಮ್ಮ ನಾಡಿನಲ್ಲಿಯೇ ನಿದರ್ಶನವುಂಟು. ಬಾಸೆಲ್ ಮಿಷನ್ನಿನ ಕಿಟ್ಟೆಲ್ ಅವರು 1853ರಲ್ಲಿ ಭಾರತಕ್ಕೆ ಬಂದದ್ದು ಮತಪ್ರಚಾರಕ್ಕೇ. ಆದರೆ ಅವರು ನಮ್ಮ ಮಾತಿಗೆ ದಶಕಗಳ ಕಾಲ ಕಿವಿಗೊಟ್ಟರು. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟವಾಯಿತು. ಇಂದು ಎಲ್ಲ ಮತದವರೂ ಅವರನ್ನು ನೆನೆಯುವುದು ಅದಕ್ಕಾಗಿ. ಬೇಟೆಗಾರನು ಮಿಗದ ಹೆಜ್ಜೆಯನ್ನು ಕಲಿಯುತ್ತಾನೆ; ಅದರ ಮಾತನ್ನು ಕಲಿಯುವುದಿಲ್ಲ.

ಓದುಬರಹವಿಲ್ಲದ ಮನೆಯಿಂದ ಮೊದಲಿಗನಾಗಿ ಕಾಲೇಜಿಗೆ ಬಂದ ನನಗೆ ಈ ಹೋಲಿಕೆ ಚುಚ್ಚುತ್ತದೆ. ಬಡವರೂ ಓದದವರೂ ಸುಲಭದ ಬೇಟೆಯೆಂದು ಎಣಿಸುವವರು ಎಲ್ಲ ಮತಗಳಲ್ಲಿಯೂ ಪಕ್ಷಗಳಲ್ಲಿಯೂ ಇದ್ದಾರೆ. ನಮ್ಮ ಸಂವಿಧಾನದ 25ನೆಯ ಅನುಚ್ಛೇದವು ಮತಪ್ರಸಾರದ ಹಕ್ಕನ್ನೂ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ ಜೊತೆಯಾಗಿಯೇ ಇಟ್ಟಿದೆ. ನಂಬಿದ್ದನ್ನು ಹೇಳುವವನು ಧಾರಾಳವಾಗಿ ಹೇಳಲಿ. ಆದರೆ ಎದುರಿಗೆ ಕುಳಿತು, ಹೆಸರು ಹಿಡಿದು ಮಾತನಾಡಿಸಿ ಹೇಳಲಿ. ಬೇಡವೆಂದರೆ ನಮಸ್ಕಾರ ಹೇಳಿ ಎದ್ದು ಹೋಗಲಿ. ಮರುದಿನವೂ ನೆರೆಯವನಾಗಿಯೇ ಉಳಿಯಲಿ.